ಬೆಂಡಾದ ವೀಲು, 800 ಡಾಲರ್ ಬಜೆಟ್: 2001ರ ಮಿಯಾಟಾಗೆ ಯಾವ ರಿಮ್ ತಗೊಳ್ಳಲಿ?

ಮಂಜು_ಕಡೂರು, ಡೆಟ್ರಾಯ್ಟ್ ಹತ್ತಿರ

ಎಲ್ಲರಿಗೂ ನಮಸ್ಕಾರ. ಹೋದ ಸೆಪ್ಟೆಂಬರ್‌ನಲ್ಲಿ 2001ರ ಮಾಜ್ದಾ ಮಿಯಾಟಾ ಸೆಕೆಂಡ್ ಹ್ಯಾಂಡ್ ತಗೊಂಡೆ. ಎನ್‌ಬಿ ಅಂತಾರಲ್ಲ, ಆ ಎರಡನೇ ತಲೆಮಾರಿನ ಕಾರು. ಎರಡೇ ಸೀಟು, ಬಟ್ಟೆಯ ಟಾಪ್, ಐದು ಗೇರ್. ಇಂಥದ್ದೊಂದು ಓಡಿಸಬೇಕು ಅನ್ನೋದು ಕಾಲೇಜಿನ ದಿನಗಳ ಆಸೆ. ಊರಲ್ಲಿ ಮಾಜ್ದಾ ಅಂದರೆ ನಮಗೆ ಗೊತ್ತಿದ್ದದ್ದು ಸ್ಕೂಲಿಗೆ ಬರುತ್ತಿದ್ದ ಸ್ವರಾಜ್ ಮಾಜ್ದಾ ವ್ಯಾನ್ ಮಾತ್ರ.

ಚಳಿಗಾಲ ಪೂರ್ತಿ ಕಾರು ಗ್ಯಾರೇಜಿನಲ್ಲೇ ಇತ್ತು. ಮೊನ್ನೆ ಭಾನುವಾರ ರಸ್ತೆ ಒಣಗಿದೆ ಅಂತ ಆಚೆ ತೆಗೆದೆ. ಇಲ್ಲಿ ಮಾರ್ಚ್ ಅಂದರೆ ಗುಂಡಿಗಳ ಕಾಲ. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೆ ಹತ್ತಾರು ಸಲ ಆಗುವಾಗ ಡಾಂಬರು ಹಪ್ಪಳದ ಹಾಗೆ ಎದ್ದು ಬರುತ್ತದೆ. ನೀರು ತುಂಬಿದ್ದ ಒಂದು ಗುಂಡಿ ಕಾಣಲೇ ಇಲ್ಲ. ಬಲಗಡೆಯ ಮುಂದಿನ ವೀಲು ಧಡ್ ಅಂತ ಇಳಿಯಿತು. ಮನೆ ಸೇರುವಷ್ಟರಲ್ಲಿ ಅರ್ಧ ಗಾಳಿ ಹೋಗಿತ್ತು.

ವೀಲು ಬಿಚ್ಚಿ ನೋಡಿದರೆ ಒಳಗಡೆ ಅಂಚು ಒಂದು ಗೇಣು ಉದ್ದಕ್ಕೆ ಮಡಚಿದೆ. ಕಂಪನಿಯಿಂದಲೇ ಬಂದ 16 ಇಂಚಿನ ಅಲಾಯ್ ಇವು, ಟೈರು 205/45. ನಾಲ್ಕೂ ಟೈರು ಹೇಗೂ ಸವೆದಿವೆ, ಬದಲಾಯಿಸಲೇಬೇಕು. ವೀಲು, ಟೈರು, ಕೂಲಿ ಎಲ್ಲಾ ಸೇರಿ ನನ್ನ ಹತ್ತಿರ ಇರೋದು 800 ಡಾಲರ್.

ಬೆಂಡ್ ತೆಗೆಯೋಕೆ ಒಬ್ಬರು 125 ಕೇಳಿದರು. ಆನ್‌ಲೈನಲ್ಲಿ ಹೊಸ 17 ಇಂಚಿನ ನಾಲ್ಕು ವೀಲಿನ ಸೆಟ್ 480ಕ್ಕೆ ಇದೆ, ನೋಡೋಕೆ ತುಂಬಾ ಚೆನ್ನಾಗಿದೆ, ಹೆಸರು ಮಾತ್ರ ಎಲ್ಲೂ ಕೇಳಿಲ್ಲ. ಇಲ್ಲದಿದ್ದರೆ ಹಳೆಯದನ್ನೇ ಹುಡುಕಬೇಕು. ಯಾವ ದಾರಿ ಸರಿ?


ಅನಂತ_ಸನ್ನಿವೇಲ್

17 ಇಂಚಿನ ಸೆಟ್ಟೇ ತಗೊಳ್ಳಿ ಮಂಜು. ಹೊಸದು, ನಾಲ್ಕೂ ಒಂದೇ ಥರ ಇರುತ್ತದೆ. ಬೆಂಡ್ ತೆಗೆಸಿದ್ದು, ಇನ್ಯಾರೋ ಓಡಿಸಿದ್ದು ಯಾಕೆ ಬೇಕು? ಕಾರಿನ ಲುಕ್ಕೇ ಬದಲಾಗುತ್ತದೆ.


ರಾಘು_ಆಸ್ಟಿನ್

ಮಂಜು, ದಯವಿಟ್ಟು ಆ 480ರ ಸೆಟ್‌ಗೆ ಇವತ್ತೇ ದುಡ್ಡು ಕಟ್ಟಬೇಡಿ. ಒಂಬತ್ತು ವರ್ಷದಿಂದ ನನ್ನ ಹತ್ತಿರ 1999ರ ಎನ್‌ಬಿ ಇದೆ. ನಾನೂ ಮೊದಲು ಹಾಕಿಸಿದ್ದು 17 ಇಂಚೇ. ಆ ಕಾರಿನ ಜೀವ ಇರೋದೇ ಅದರ ಹಗುರದಲ್ಲಿ. ಸುಮಾರು ಒಂದು ಟನ್ ತೂಕದ ಕಾರು ಅದು. ಸ್ಟೀರಿಂಗ್ ಹಿಡಿದರೆ ರಸ್ತೆಯ ಒಂದೊಂದು ಕಲ್ಲೂ ಬೆರಳಿಗೆ ಗೊತ್ತಾಗಬೇಕು. ಭಾರದ ವೀಲು ಹಾಕಿದ ದಿನದಿಂದ ಅದು ಹೋಯಿತು. ಸಣ್ಣ ಉಬ್ಬಿಗೂ ಕಾರು ಕುಣಿಯೋದು. ಎಂಟು ತಿಂಗಳಿಗೆ ಮಾರಿದೆ.

ಮೊದಲು ಅಳತೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ನಿಮ್ಮ ಕಾರಿಗೆ ನಾಲ್ಕು ನಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಇದನ್ನೇ 4×100 ಅನ್ನೋದು. ನಡುವಿನ ತೂತು 54.1 ಮಿ.ಮೀ. ನಟ್ ಎಂ12, ಅಂದರೆ 12 ಮಿ.ಮೀ. ದಪ್ಪದ ಬೋಲ್ಟಿನದ್ದು, ಎಳೆಗಳ ನಡುವಿನ ಅಂತರ 1.5, ಕೂರುವ ಜಾಗ ಕೋನ್ ಆಕಾರ. ಕಂಪನಿ ವೀಲಿನ ಆಫ್‌ಸೆಟ್ ಇಟಿ 40. ವೀಲಿನ ಅಗಲದ ಸರಿಮಧ್ಯಕ್ಕೆ ಒಂದು ಗೆರೆ ಎಳೆದರೆ, ಹಬ್‌ಗೆ (ವೀಲು ಕೂರುವ, ಕಾರಿನ ಕಡೆಯ ತಿರುಗುವ ಭಾಗ) ತಾಗುವ ಮುಖ ಆ ಗೆರೆಯಿಂದ 40 ಮಿ.ಮೀ. ಹೊರಗಡೆಗಿದೆ ಅಂತ ಅರ್ಥ. ಈ ಸಂಖ್ಯೆ ಕಡಿಮೆ ಆದಷ್ಟೂ ವೀಲು ಫೆಂಡರಿನಿಂದ (ಚಕ್ರದ ಮೇಲಿನ ಮಡ್‌ಗಾರ್ಡ್) ಆಚೆಗೆ ಬರುತ್ತದೆ. ನಿಮ್ಮದು ಆರೂವರೆ ಇಂಚು ಅಗಲ. ಏಳು ಇಂಚು, ಇಟಿ 35 ಇರೋದು ಹಾಕಿದರೆ ಹೊರ ಅಂಚು 11 ಮಿ.ಮೀ. ಆಚೆಗೆ ಬರುತ್ತದೆ, ಒಳ ಅಂಚು 1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತದೆ. ಎನ್‌ಬಿಗೆ ಅದು ಆರಾಮಾಗಿ ಕೂರುತ್ತದೆ, ಎಲ್ಲೂ ತಿಕ್ಕುವುದಿಲ್ಲ.

ಈಗ ಗುಂಡಿಯ ವಿಷಯ. 205/45 ಅಂದರೆ ಟೈರಿನ ಅಗಲ 205 ಮಿ.ಮೀ., ಗೋಡೆಯ ಎತ್ತರ ಅದರಲ್ಲಿ ನೂರಕ್ಕೆ 45, ಅಂದರೆ 92 ಮಿ.ಮೀ. ಟೈರಿನ ಪೂರ್ತಿ ವ್ಯಾಸ 591. 17 ಇಂಚಿಗೆ ಹೋದರೆ 205/40 ಹಾಕಬೇಕು, ಗೋಡೆ 82ಕ್ಕೆ ಇಳಿಯುತ್ತದೆ. ಮಿಶಿಗನ್ ಗುಂಡಿಗೆ 92 ಸಾಲದೆ ರಿಮ್ ಮಡಚಿದೆ, ಅಂಥದ್ದರಲ್ಲಿ ಇನ್ನೂ 10 ಕಳೆದುಕೊಳ್ಳೋದಾ? 15 ಇಂಚಿಗೆ ಇಳಿದು 205/50 ಹಾಕಿ. ಗೋಡೆ 102.5 ಆಗುತ್ತದೆ, ವ್ಯಾಸ 586. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ, ಸ್ಪೀಡೋಮೀಟರ್ ಬಗ್ಗೆ ಯೋಚನೆ ಬೇಡ.

14ಕ್ಕೆ ಮಾತ್ರ ಇಳಿಯಬೇಡಿ. 2001ರಿಂದ 16 ಇಂಚಿನ ವೀಲಿನ ಜೊತೆ ಬಂದ ಕಾರುಗಳಿಗೆ ಬ್ರೇಕ್ ದೊಡ್ಡದಿದೆ, ಅದರ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ವೀಲಿನ ಒಳಗೆ ತಾಗುತ್ತದೆ.

ಹೊಸದೇ ಬೇಕು ಅಂದರೆ ಎನ್ಕೈ ಕಂಪನಿಯ ಆರ್‌ಪಿಎಫ್1 ಅನ್ನೋ ವೀಲು ಇದೆ. 15×7ರದ್ದು (15 ಇಂಚು ವ್ಯಾಸ, 7 ಇಂಚು ಅಗಲ) ಸುಮಾರು 4.3 ಕೆಜಿ, ಎರಡು ಬೆರಳಲ್ಲಿ ಎತ್ತಬಹುದು. ನನ್ನ ಕಾರಲ್ಲಿ ಈಗ ಇರೋದು ಅದೇ. ಆದರೆ ಒಂದಕ್ಕೇ 200 ದಾಟುತ್ತದೆ, ಟೈರಿಗೆ ದುಡ್ಡು ಉಳಿಯುವುದಿಲ್ಲ. ಕೋನಿಗ್ ಕಂಪನಿಯವರ ಫ್ಲೋ ಫಾರ್ಮ್ ವೀಲುಗಳು (ಎರಕದ ನಂತರ ಅಂಚನ್ನು ಉರುಳೆಯಲ್ಲಿ ಒತ್ತಿ ಹಿಗ್ಗಿಸಿದವು) ಅದಕ್ಕಿಂತ ಸ್ವಲ್ಪ ಅಗ್ಗ, ಆದರೂ ನಿಮ್ಮ ಲೆಕ್ಕಕ್ಕೆ ಬಿಗಿ.

ನಾನಾಗಿದ್ದರೆ ಇನ್ನೊಬ್ಬ ಮಿಯಾಟಾದವನು ಬಿಚ್ಚಿಟ್ಟ ಕಂಪನಿ ವೀಲನ್ನು ಹುಡುಕುತ್ತಿದ್ದೆ. ಈ ಕಾರು ಕೊಂಡವರಲ್ಲಿ ಎಷ್ಟೋ ಜನ ಮೊದಲು ಮಾಡುವ ಕೆಲಸವೇ ವೀಲು ಬದಲಾಯಿಸೋದು. ಬಿಚ್ಚಿದ್ದು ಗ್ಯಾರೇಜಿನ ಮೂಲೆಯಲ್ಲಿ ಕೂತಿರುತ್ತದೆ, ಹೆಂಡತಿ ಅದನ್ನು ಆಚೆ ಹಾಕು ಅಂತಿರುತ್ತಾಳೆ. ಕಂಪನಿಯವರೇ ಪರೀಕ್ಷೆ ಮಾಡಿ ಕೊಟ್ಟ ವೀಲು ಅಷ್ಟು ಕಮ್ಮಿಗೆ ಇನ್ನೆಲ್ಲೂ ಸಿಗುವುದಿಲ್ಲ. ಉಳಿದ ದುಡ್ಡು ಪೂರ್ತಿ ಟೈರಿಗೆ ಹಾಕಿ.


ಅನಂತ_ಸನ್ನಿವೇಲ್

ಗೋಡೆಯ ಎತ್ತರದ ಲೆಕ್ಕ ನನಗೆ ಹೊಳೆದಿರಲಿಲ್ಲ ರಾಘು. ನಮ್ಮ ಕಡೆ ಗುಂಡಿ ಕಮ್ಮಿ, ಅದಕ್ಕೇ ಹಾಗಂದೆ. ಮಂಜು, ಇವರು ಹೇಳಿದ ಹಾಗೇ ಮಾಡಿ.


ಸುಧಾ_ಸ್ಟುಟ್‌ಗಾರ್ಟ್

ಹೆಸರಿಲ್ಲದ ವೀಲಿನ ಬಗ್ಗೆ ಒಂದು ಮಾತು. ನಾನು ಇಲ್ಲಿ ಬಿಡಿಭಾಗಗಳ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಒಂದು ಕಾರಿನ ವೀಲು ಮಾರಾಟಕ್ಕೆ ಬರೋ ಮುಂಚೆ ಮುಖ್ಯವಾಗಿ ಮೂರು ಪರೀಕ್ಷೆ ದಾಟಬೇಕು. ಒಂದರಲ್ಲಿ ವೀಲನ್ನು ಗಟ್ಟಿಯಾಗಿ ಹಿಡಿದು ಹಬ್ ಜಾಗಕ್ಕೆ ಒಂದು ಉದ್ದ ಕಂಬಿ ಕಟ್ಟಿ, ಸುತ್ತಲೂ ಎಳೆಯುತ್ತಾ ಬಗ್ಗಿಸುತ್ತಾರೆ. ತಿರುವಿನಲ್ಲಿ ವೀಲಿಗೆ ಆಗುವ ನೋವು ಅದು, ಲಕ್ಷಗಟ್ಟಲೆ ಸುತ್ತು. ಇನ್ನೊಂದರಲ್ಲಿ ಟೈರು ಹಾಕಿ, ಭಾರ ಹೇರಿ, ಡ್ರಮ್ಮಿನ ಮೇಲೆ ಓಡಿಸುತ್ತಾರೆ. ಮೂರನೆಯದೇ ನಿಮ್ಮ ಗುಂಡಿ. ವೀಲನ್ನು 13 ಡಿಗ್ರಿ ಓರೆ ಇಟ್ಟು ಅಂಚಿನ ಮೇಲೆ ಭಾರದ ಕಬ್ಬಿಣ ಬೀಳಿಸುತ್ತಾರೆ. ಅಂಚು ಮಡಚಿದರೆ ಪರವಾಗಿಲ್ಲ. ನಡುವಿನಿಂದ ಅಂಚಿಗೆ ಹೋಗುವ ಕಡ್ಡಿ (ಸ್ಪೋಕ್) ಬಿರುಕು ಬಿಡಬಾರದು, ಗಾಳಿ ಒಮ್ಮೆಲೇ ಹೋಗಬಾರದು.

ಮಂಜು, ನಿಮ್ಮ ವೀಲು ಮಡಚಿತು, ಮನೆಯವರೆಗೂ ಗಾಳಿ ಹಿಡಿದಿಟ್ಟಿತು. ಒಳ್ಳೆಯ ವೀಲು ಮಾಡಬೇಕಾದ್ದನ್ನೇ ಅದು ಮಾಡಿದೆ. ಕಳಪೆ ಎರಕದ ವೀಲು ಅದೇ ಪೆಟ್ಟಿಗೆ ತುಂಡಾಗಬಹುದು. ಎರಕದೊಳಗೆ ಸಣ್ಣ ಗಾಳಿಗುಳ್ಳೆ ಉಳಿದಿದ್ದರೂ, ಎರಕ ಹೊಯ್ದ ಮೇಲೆ ಬಿಸಿ ಮಾಡಿ ಹದ ಕೊಡುವ ಹಂತ ತಪ್ಪಿಸಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಬಣ್ಣ ಎರಡಕ್ಕೂ ಒಂದೇ ಥರ ಹೊಳೆಯುತ್ತದೆ.

ಜರ್ಮನಿಯಲ್ಲಿ ಹೊರಗಿನ ವೀಲಿಗೆ ಸರ್ಕಾರದ ಒಪ್ಪಿಗೆ ಬೇಕು. ವೀಲಿನ ಮೇಲೆ ಕೆಬಿಎ (ಅಲ್ಲಿನ ವಾಹನ ಇಲಾಖೆ) ಸಂಖ್ಯೆ ಎರಕದಲ್ಲೇ ಮೂಡಿರುತ್ತದೆ, ಜೊತೆಗೆ ಯಾವ ಕಾರಿಗೆ ಯಾವ ಟೈರಿನೊಂದಿಗೆ ಹಾಕಬಹುದು ಅನ್ನೋ ಕಾಗದ. ಅದಿಲ್ಲದೆ ಹಾಕಿದರೆ ಕಾರು ರಸ್ತೆಗೆ ಇಳಿಸುವ ಪರವಾನಗಿಯೇ ಹೋಗುತ್ತದೆ. ಅಮೆರಿಕದಲ್ಲಿ ಆ ಕಡ್ಡಾಯ ಇಲ್ಲ. ವಾಹನ ಎಂಜಿನಿಯರುಗಳ ಸಂಘದ್ದು ಎಸ್‌ಎಇ ಜೆ2530 ಅಂತ ಒಂದು ಮಾನದಂಡ ಇದೆ, ಪಾಲಿಸೋದು ಬಿಡೋದು ತಯಾರಕರ ಇಷ್ಟ. ಹಾಗಾಗಿ ನೋಡುವ ಜವಾಬ್ದಾರಿ ಕೊಳ್ಳುವವರದ್ದು. ಜಪಾನಿನ ಜೆಡಬ್ಲ್ಯುಎಲ್ ಗುರುತು ಇದ್ದರೆ ಆ ಮಟ್ಟಕ್ಕೆ ಮಾಡಿದ್ದೇವೆ ಅಂತ ತಯಾರಕರು ಹೇಳಿಕೊಂಡ ಹಾಗೆ. ಪಕ್ಕದಲ್ಲಿ ವಿಐಎ ಅಂತಲೂ ಇದ್ದರೆ ಹೊರಗಿನವರು ಪರೀಕ್ಷಿಸಿ ದಾಖಲು ಮಾಡಿದ್ದಾರೆ ಅಂತ. ಕಡ್ಡಿಗಳ ಹಿಂದೆ ಒಂದು ವೀಲು ಎಷ್ಟು ಭಾರ ತಡೆಯುತ್ತದೆ ಅಂತಲೂ ಎರಕದಲ್ಲಿ ಇರಬೇಕು.

ಆ 480ರ ಸೆಟ್‌ನ ಹಿಂಬದಿಯ ಫೋಟೋ ಕೇಳಿ ನೋಡಿ. ಕೊಡಲ್ಲ ಅಂದರೆ ಬಿಟ್ಟುಬಿಡಿ.


ಮೈಸೂರು_ಟೈರ್_ಬಸಣ್ಣ

ಸುಧಾ ಮೇಡಂ ಚೆನ್ನಾಗಿ ಹೇಳಿದಿರಿ. ಇಪ್ಪತ್ತೆರಡು ವರ್ಷದಿಂದ ಟೈರ್ ಅಂಗಡಿ ನಡೆಸುತ್ತಿದ್ದೇನೆ, ನಾನು ಕಣ್ಣಾರೆ ಕಂಡ ಒಂದು ಹೇಳುತ್ತೇನೆ.

ಒಬ್ಬ ಹುಡುಗ ಫಿಯಾಟ್ ಪಾಲಿಯೋ 1.6 ಇಟ್ಟುಕೊಂಡಿದ್ದ. ಗೊತ್ತಿರೋರಿಗೆ ಗೊತ್ತು, ಅದು ಎಂಥಾ ಗಾಡಿ ಅಂತ. ಬೆಂಗಳೂರಿಗೆ ಹೋಗಿ ಯಾವುದೋ ಅಂಗಡಿಯಲ್ಲಿ ಅಲಾಯ್ ಹಾಕಿಸಿಕೊಂಡು ಬಂದ. ಹದಿನೈದು ದಿನಕ್ಕೆ ನನ್ನ ಹತ್ತಿರ ಬಂದು, ಅಣ್ಣ, ಗಾಡಿ ಅದುರುತ್ತೆ, ಬ್ಯಾಲೆನ್ಸಿಂಗ್ ಮಾಡಿ ಅಂದ. ಮೆಷಿನ್‌ಗೆ ಹಾಕಿದರೆ ಬ್ಯಾಲೆನ್ಸ್ ಸರಿಯಾಗೇ ಇದೆ. ಮತ್ತೆ ಗಾಡಿಗೆ ಹಾಕೋಕೆ ಹೋದಾಗ ಎರಡು ಬೋಲ್ಟ್ ಸಲೀಸಾಗಿ ಹೋದವು, ಇನ್ನೆರಡು ಸ್ಪ್ಯಾನರ್ ಹಾಕಿ ಎಳೆದರೆ ಮಾತ್ರ ಹೋಗುತ್ತಿದ್ದವು. ಆಗ ಅರ್ಥವಾಯಿತು. ಫಿಯಾಟ್ ಅಳತೆ 4×98. ಅವನಿಗೆ ಕೊಟ್ಟದ್ದು 4×100. ಒಂದೊಂದು ತೂತಿಗೂ ಒಂದು ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣಲ್ಲ. ಬೋಲ್ಟ್ ಓರೆಯಾಗಿ ಕೂತು, ಓಡುತ್ತಾ ಓಡುತ್ತಾ ಸಡಿಲ ಆಗಿತ್ತು. ಒಂದನ್ನು ಕೈಯಲ್ಲೇ ತಿರುಗಿಸಿದೆ. ಆ ಹುಡುಗನ ಮುಖ ಬಿಳಿಚಿಕೊಂಡಿತು. ಅವತ್ತೇ ಹಳೇ ಕಬ್ಬಿಣದ ವೀಲು ತರಿಸಿ ಹಾಕಿ ಕಳಿಸಿದೆ.

ಇನ್ನೊಂದು, ಬೆಂಡ್ ತೆಗೆಯೋ ವಿಷಯ. ಒಳ ಅಂಚು ಸ್ವಲ್ಪ ಬಗ್ಗಿದ್ದರೆ ತೆಗೆಸಬಹುದು, ಹೆದರಬೇಕಿಲ್ಲ. ಆದರೆ ಬಿರುಕು ಬಿಟ್ಟಿದ್ದಕ್ಕೆ ವೆಲ್ಡಿಂಗ್ ಹಾಕ್ತೀನಿ ಅಂದರೆ ಒಪ್ಪಬೇಡಿ. ಬೆಸುಗೆಯ ಶಾಖಕ್ಕೆ ಸುತ್ತಲಿನ ಲೋಹದ ಹದ ಕೆಡುತ್ತದೆ, ಮುಂದಿನ ಸಲ ಅದರ ಪಕ್ಕದಲ್ಲೇ ಬಿಡುತ್ತದೆ. ಬಿಡದಿ ದಾಟಿದ ಮೇಲೆ ಹಾಗೆ ಗಾಳಿ ಹೋದ ಗಾಡಿಯನ್ನು ನನ್ನ ಅಂಗಡಿಗೇ ಎಳೆದು ತಂದಿದ್ದರು. ನಿಮ್ಮದರಲ್ಲಿ ಬಿರುಕು ಇದೆಯಾ ನೋಡಿದಿರಾ?


ಮಂಜು_ಕಡೂರು

ಬಸಣ್ಣ, ಈಗ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿದೆ. ಮಡಚಿದ ಕಡೆ ಕೂದಲಿನಷ್ಟು ಸಣ್ಣ ಗೆರೆ ಒಂದು ಇದೆ, ಅಡ್ಡಕ್ಕೆ, ಸುಮಾರು ಎರಡು ಸೆಂ.ಮೀ. ಉಗುರಿಗೆ ತಾಗುತ್ತದೆ. ಹಾಗಾದರೆ ಬೆಂಡ್ ತೆಗೆಸುವ ಯೋಚನೆ ಮುಗಿಯಿತು.

ಸುಧಾ ಮೇಡಂ, 17ರ ಸೆಟ್‌ನವರಿಗೆ ಹಿಂಬದಿಯ ಫೋಟೋ ಕೇಳಿದೆ. ಮುಂಭಾಗದ ಫೋಟೋಗಳನ್ನೇ ಮತ್ತೆ ಕಳಿಸಿದರು. ತೂಕ ಎಷ್ಟು ಅಂದರೆ ಉತ್ತರ ಇಲ್ಲ. ಅದನ್ನೂ ಬಿಟ್ಟೆ.

ರಾಘು ಸರ್, ಇಲ್ಲಿ ಎರಡು ಹಳೇ ಸೆಟ್ ಸಿಕ್ಕಿವೆ. ಒಂದು ಹೋಂಡಾದವರದ್ದು, ಅಕ್ಯುರಾ ಇಂಟೆಗ್ರಾದಿಂದ ಬಿಚ್ಚಿದ್ದು, 15×6, ನಾಲ್ಕಕ್ಕೆ 160 ಡಾಲರ್. ಅದೂ 4×100 ಅಂತೆ. ಇನ್ನೊಂದು ಎನ್‌ಬಿಯದ್ದೇ 15×6, 240 ಹೇಳುತ್ತಿದ್ದಾರೆ, ಮನೆಯಿಂದ ಒಂದು ಗಂಟೆ ದಾರಿ. 80 ಡಾಲರ್ ಉಳಿಸಲಾ?


ರಾಘು_ಆಸ್ಟಿನ್

ಸರ್ ಎಲ್ಲಾ ಬೇಡ ಮಂಜು, ರಾಘು ಅಂದರೆ ಸಾಕು.

ಇಂಟೆಗ್ರಾ ವೀಲು ಕೂರುತ್ತದೆ, ಆದರೆ ಎರಡು ವಿಷಯ ಗೊತ್ತಿರಬೇಕು. ಅದರ ನಡುವಿನ ತೂತು 56.1. ನಿಮ್ಮ ಹಬ್ 54.1. ದೊಡ್ಡ ತೂತು ಸಣ್ಣ ಹಬ್ ಮೇಲೆ ಬರುತ್ತದೆ, ಎರಡರ ಮಧ್ಯೆ ಒಂದು ಮಿ.ಮೀ. ದಪ್ಪದ ಹಬ್ ರಿಂಗ್ ಹಾಕಿದರೆ ವೀಲು ಸರಿಮಧ್ಯಕ್ಕೆ ಕೂರುತ್ತದೆ. ನಾಲ್ಕು ರಿಂಗಿಗೆ ಹತ್ತು ಹದಿನೈದು ಡಾಲರ್. ಇದು ಸಣ್ಣ ಕೆಲಸ.

ಅಪಾಯ ಇರೋದು ನಟ್‌ನಲ್ಲಿ. ಹೋಂಡಾದವರ ಕಂಪನಿ ವೀಲಿನಲ್ಲಿ ನಟ್ ಕೂರುವ ಗುಳಿ ಗೋಲಿಯ ಆಕಾರದ್ದು. ಮಾಜ್ದಾ ನಟ್‌ನ ತುದಿ ಕೋನ್. ಎಳೆ ಎರಡಕ್ಕೂ ಒಂದೇ, ಎಂ12 1.5. ಅದಕ್ಕೇ ಸಲೀಸಾಗಿ ತಿರುಗುತ್ತದೆ, ಬಿಗಿಯೂ ಆಗುತ್ತದೆ, ಎಲ್ಲಾ ಸರಿ ಅನ್ನಿಸುತ್ತದೆ. ಆದರೆ ದುಂಡು ಗುಳಿಯಲ್ಲಿ ಕೋನ್ ಬರೀ ಒಂದು ಗೆರೆಯಲ್ಲಿ ತಾಗಿರುತ್ತದೆ. ಓಡಿದ ಹಾಗೆ ಆ ಗೆರೆ ಸವೆದು ನಟ್ ಸಡಿಲಾಗುತ್ತದೆ. ಆ ವೀಲಿಗೆ ಹೋಂಡಾ ನಟ್ ಹದಿನಾರನ್ನೂ ತಗೊಂಡರೆ ಮಾತ್ರ ಹಾಕಿ. ರಿಂಗು, ನಟ್ಟು ಎಲ್ಲಾ ಸೇರಿಸಿದರೆ 80ರಲ್ಲಿ ಏನೂ ಉಳಿಯುವುದಿಲ್ಲ.

ಎನ್‌ಬಿ ವೀಲಿಗೆ ಹೋಗಿ. ಇರುವ ನಟ್ಟೇ ನಡೆಯುತ್ತದೆ, ರಿಂಗ್ ಬೇಡ, ಇಟಿ 40. 205/50 ಆರು ಇಂಚಿನ ಮೇಲೆ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ, ಏಳಿನ ಮೇಲೆ ಇನ್ನೂ ನೇರ ನಿಲ್ಲುತ್ತದೆ. ಆದರೆ ಆ ಟೈರಿಗೆ ಒಪ್ಪುವ ಅಗಲ ಐದೂವರೆಯಿಂದ ಏಳೂವರೆ ಇಂಚು, ನೀವು ಅದರೊಳಗೇ ಇದ್ದೀರಿ. ಉಬ್ಬಿದ ಗೋಡೆ ಗುಂಡಿಗೆ ಇನ್ನೂ ಒಳ್ಳೆಯದು.


ಕಿರಣ್_ಹುಬ್ಬಳ್ಳಿ

ನಡುವೆ ಬಂದೆ ಅನ್ನಬೇಡ್ರಿ. ಈ ನಟ್ ಆಕಾರದ ಮಾತು ಓದಿ ನನಗ ಚಿಂತಿ ಹತ್ತೇತಿ. ನನ್ನದು ಪೋಲೋ ಜಿಟಿ. ಹೊರಗಿನ ಅಲಾಯ್ ಹಾಕಿಸೇನಿ, ಹಳೇ ಬೋಲ್ಟನ್ನೇ ಹಾಕಿ ಕೊಟ್ಟಾರ. ಇದರಾಗೂ ಹಂಗೇ ಇರತದೇನ್ರಿ?


ಮೈಸೂರು_ಟೈರ್_ಬಸಣ್ಣ

ಕಿರಣ್, ನಾಳೆ ಬೆಳಿಗ್ಗೆಯೇ ಒಂದು ಬೋಲ್ಟ್ ಬಿಚ್ಚಿ ನೋಡಿ. ಪೋಲೋಗೆ ನಟ್ ಇಲ್ಲ, ಹಬ್ ಒಳಗೇ ಹೋಗುವ ಬೋಲ್ಟ್, ಎಂ14. ಕಂಪನಿ ಬೋಲ್ಟಿನ ತಲೆಯ ಕೆಳಗೆ ದುಂಡಗಿರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವು ಕೋನ್ ಗುಳಿ. ನಿಮ್ಮ ವೀಲಿನ ಗುಳಿ ಕೋನ್ ಆಗಿದ್ದರೆ ಕೋನ್ ಬೋಲ್ಟೇ ತಗೊಳ್ಳಿ. ಉದ್ದವನ್ನೂ ಅಳೆಯಿರಿ. ಗಿಡ್ಡ ಆದರೆ ಎಳೆ ಹಿಡಿಯಲ್ಲ, ಉದ್ದ ಆದರೆ ಹಿಂದೆ ಬ್ರೇಕಿಗೆ ತಾಗಬಹುದು. ನಿಮ್ಮ ಅಳತೆ 5×100, ನಡುವಿನ ತೂತು 57.1. ವೀಲಿನ ತೂತು ಅದಕ್ಕಿಂತ ದೊಡ್ಡದಿದ್ದರೆ ರಿಂಗ್ ಬೇಕು.

ಮಂಜು, ಹಳೇ ವೀಲು ನೋಡೋಕೆ ಹೋಗುವಾಗ ನನ್ನ ಮಾತು ಕೇಳಿ. ಟೈರು ಇದ್ದರೆ ಒಳಗಡೆ ಮುಖ ಮೇಲೆ ಮಾಡಿ ನೆಲದ ಮೇಲೆ ಮಲಗಿಸಿ. ಎಲ್ಲರೂ ಹೊರಗಡೆ ಹೊಳಪು ನೋಡುತ್ತಾರೆ, ಪೆಟ್ಟು ಬೀಳೋದು ಒಳಗಡೆ. ಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಓಡಿಸಿ. ಏರಿಳಿತ ಇದ್ದರೆ ಬೆರಳು ಹೇಳುತ್ತದೆ. ಆಮೇಲೆ ನಟ್ ಗುಳಿ ನಾಲ್ಕನ್ನೂ ನೋಡಿ, ಮೊಟ್ಟೆಯ ಹಾಗೆ ಉದ್ದವಾಗಿದ್ದರೆ ಬೇಡ. ಹಬ್‌ಗೆ ಕೂರುವ ಮುಖದ ಮೇಲೆ ದಪ್ಪ ಬಣ್ಣ ಬಳಿದಿದ್ದರೂ ಹುಷಾರು, ಬಣ್ಣ ಉದುರಿದರೆ ನಟ್ ಸಡಿಲ ಆಗುತ್ತದೆ. ಜೊತೆಯಲ್ಲಿ ಸೋಪಿನ ನೀರಿನ ಬಾಟಲಿ ಒಯ್ಯಿರಿ. ಅಂಚಿನ ಸುತ್ತ ಹಾಕಿ ಎರಡು ನಿಮಿಷ ಕಾಯಿರಿ, ಗುಳ್ಳೆ ಬಂದರೆ ಅಲ್ಲಿ ಸೋರುತ್ತಿದೆ ಅಂತ.


ಸುಧಾ_ಸ್ಟುಟ್‌ಗಾರ್ಟ್

ಟೈರು ಜೊತೆಗೇ ಕೊಡುತ್ತೇವೆ ಅಂದರೆ ವಯಸ್ಸು ನೋಡಿ. ಗೋಡೆಯ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಕಚ್ಚು ಎಷ್ಟೇ ಉಳಿದಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಇರುವುದಿಲ್ಲ. ಇಷ್ಟು ಹಗುರದ, ಹಿಂದಿನ ಚಕ್ರ ಎಳೆಯುವ ಕಾರಿಗೆ ಅದು ಸಲ್ಲದು.


ಕಿರಣ್_ಹುಬ್ಬಳ್ಳಿ

ಬಸಣ್ಣ, ನೀವು ಹೇಳಿದ್ದು ಖರೇ ಆತು. ಗುಳಿ ಕೋನ್, ಬೋಲ್ಟ್ ದುಂಡು. ಇಪ್ಪತ್ತೂ ಕೋನ್ ಬೋಲ್ಟ್ ತಂದು ಹಾಕಿಸಿದೆ. ಹಳೇ ಬೋಲ್ಟ್ ಕೂತಿದ್ದ ಜಾಗದಾಗ ಉಂಗುರದ ಹಂಗ ತೆಳ್ಳಗ ಒಂದು ಗೆರೆ ಬಿದ್ದಿತ್ತು. ಮನ್ಯಾಗ ಮಕ್ಕಳನ್ನ ಕೂಡಿಸಿಕೊಂಡು ದಾಂಡೇಲಿಗೆ ಹೋಗಿ ಬಂದಿದ್ದೆ ಅದೇ ಗಾಡ್ಯಾಗ. ನಿಮ್ಮ ಉಪಕಾರ ಮರೆಯಂಗಿಲ್ರಿ.


ಮಂಜು_ಕಡೂರು

ಶನಿವಾರ ಹೋಗಿ ಎನ್‌ಬಿ ವೀಲು ನೋಡಿ, ತಗೊಂಡೂ ಬಂದೆ. ಮಾರಿದವರು ವಯಸ್ಸಾದ ಒಬ್ಬರು, ಹೊಸದಾಗಿದ್ದಾಗಿನಿಂದ ಅವರದೇ ಕಾರು. ನಾಲ್ಕು ವೀಲನ್ನೂ ಹಳೇ ಬೆಡ್‌ಶೀಟ್ ಸುತ್ತಿ ಮರದ ಹಲಗೆಯ ಮೇಲೆ ಇಟ್ಟಿದ್ದರು. ಟೈರು ಇರಲಿಲ್ಲ, ಹಾಗಾಗಿ ಒಳಗಡೆ ಪೂರ್ತಿ ಕಾಣುತ್ತಿತ್ತು. ಬಸಣ್ಣ ಹೇಳಿದ ಹಾಗೆ ಬೆರಳು ಓಡಿಸಿದೆ. ಮೂರು ನುಣ್ಣಗಿದ್ದವು. ನಾಲ್ಕನೆಯದರಲ್ಲಿ ಒಂದು ಕಡೆ ಬೆರಳು ಸಣ್ಣಗೆ ಇಳಿಯಿತು.

ಅವರಿಗೆ ಹೇಳಿದೆ. ಬನ್ನಿ, ನೋಡೋಣ ಅಂತ ತಮ್ಮ ಕಾರಿನ ಹಿಂದಿನ ಚಕ್ರ ಎತ್ತಿ, ಬಿಚ್ಚಿ, ಈ ವೀಲನ್ನು ಬರೀ ಹಬ್ ಮೇಲೆ ನಾಲ್ಕು ನಟ್ ಹಾಕಿ ಕೂರಿಸಿದರು. ಒಂದು ಪೆನ್ಸಿಲನ್ನು ಇಟ್ಟಿಗೆಯ ಮೇಲೆ ಊರಿ, ತುದಿ ಅಂಚಿಗೆ ತಾಗುವಷ್ಟು ಹತ್ತಿರ ತಂದು, ವೀಲು ನಿಧಾನಕ್ಕೆ ತಿರುಗಿಸಿದರು. ಒಂದೇ ಜಾಗದಲ್ಲಿ ಪೆನ್ಸಿಲಿಗೂ ಅಂಚಿಗೂ ನಡುವೆ ಬೆಳಕು ಕಂಡಿತು. ಒಂದು ಮಿ.ಮೀ. ಇರಬಹುದು. ಬಿರುಕು ಇಲ್ಲ. ಅವರೇ 30 ಡಾಲರ್ ಬಿಟ್ಟು 210ಕ್ಕೆ ಕೊಟ್ಟರು. ಇದನ್ನು ಹಿಂದಕ್ಕೆ ಹಾಕು, ಮುಂದಕ್ಕೆ ಬೇಡ ಅಂದರು.

ಟೈರು 205/50, ಆಲ್ ಸೀಸನ್, ಒಂದಕ್ಕೆ 98. ಹಾಕಿ ಬ್ಯಾಲೆನ್ಸ್ ಮಾಡೋಕೆ 90. ಎಲ್ಲಾ ಸೇರಿ 692 ಆಯಿತು.


ರಾಘು_ಆಸ್ಟಿನ್

ತುಂಬಾ ಖುಷಿಯಾಯಿತು ಮಂಜು. ಒಂದು ಮಿ.ಮೀ.ಗೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಅವರು ಹೇಳಿದ ಹಾಗೆ ಹಿಂದಕ್ಕೇ ಹಾಕಿ. ಈ ಕಾರು ವೀಲಿನ ಅದುರಿಗೆ ಬಹಳ ಸೂಕ್ಷ್ಮ. ಬೇರೆ ಕಾರಿನಲ್ಲಿ ಗೊತ್ತೇ ಆಗದ ಹತ್ತು ಗ್ರಾಂ ಕೂಡ ಇದರ ಸ್ಟೀರಿಂಗ್‌ನಲ್ಲಿ ಗಂಟೆಗೆ 65 ಮೈಲಿ ಹತ್ತಿರ ಕೈಗೆ ಬರುತ್ತದೆ. ಬ್ಯಾಲೆನ್ಸ್ ಮಾಡೋರಿಗೆ ಸೀಸದ ತುಂಡನ್ನು ಹೊರ ಅಂಚಿಗೆ ಹೊಡೆಯಬೇಡಿ, ಒಳಗಡೆ ಅಂಟಿಸೋದು ಹಾಕಿ ಅಂತ ಹೇಳಿ. ಹಾಕುವ ಮುಂಚೆ ಹಬ್ ಉಜ್ಜಿ. ನಟ್ ಬಿಗಿ 80 ಪೌಂಡ್ ಅಡಿ, ಗಾಳಿ ಗನ್ ಬೇಡ, ಟಾರ್ಕ್ ರೆಂಚಿನಲ್ಲೇ (ಹೇಳಿದಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಸ್ಪ್ಯಾನರ್).


ಮಂಜು_ಕಡೂರು

ಇವತ್ತು ಬೆಳಿಗ್ಗೆ ಹಾಕಿದೆ. ಬರೆಯದೆ ಇರೋಕೆ ಆಗಲಿಲ್ಲ.

ಹಿಂದಿನ ಎಡಗಡೆ ವೀಲು ನಟ್ ಬಿಚ್ಚಿದರೂ ಬರಲೇ ಇಲ್ಲ. ಇಪ್ಪತ್ತು ವರ್ಷದ ಉಪ್ಪಿನ ರಸ್ತೆ, ಅಲ್ಯೂಮಿನಿಯಂ ಕಬ್ಬಿಣಕ್ಕೆ ಕಚ್ಚಿಕೊಂಡಿತ್ತು. ಟೈರಿನ ಒಳಗಡೆಯಿಂದ ಮರದ ತುಂಡು ಇಟ್ಟು ಹೊಡೆದ ಮೇಲೆ ಬಿಟ್ಟಿತು. ಹಬ್ ಮೇಲೆ ಕಂದು ಹಕ್ಕಳೆ, ಕೆಲವು ಕಡೆ ಬಳಪದ ಪುಡಿಯಂಥ ಬಿಳಿ. ತಂತಿ ಬ್ರಷ್ಷಿನಲ್ಲಿ ಒಂದೊಂದಕ್ಕೂ ಹತ್ತು ನಿಮಿಷ ಉಜ್ಜಿದೆ, ಬರೀ ಲೋಹ ಕಾಣುವವರೆಗೆ. ನಡುವಿನ ಉಬ್ಬಿಗೆ ತೆಳ್ಳಗೆ ಗ್ರೀಸ್ ಸವರಿದೆ. ಮುಖಕ್ಕೆ, ಎಳೆಗೆ ಮುಟ್ಟಿಸಲಿಲ್ಲ. ಹೊಸ ವೀಲು ಇಟ್ಟಾಗ ಟಕ್ ಅಂತ ಒಂದು ಸದ್ದು ಬಂತು, ಕೈ ಬಿಟ್ಟರೂ ಅಲ್ಲೇ ನಿಂತಿತು. ಅಳತೆ ಸರಿ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹಾಕುವ ಮುಂಚೆ ಮನೆಯ ತೂಕದ ಮೆಷಿನ್ ಮೇಲೆ ಇಟ್ಟು ನೋಡಿದೆ. ಹಳೆಯದು ಟೈರು ಸಮೇತ 16.4 ಕೆಜಿ, ಇದು 14.8. ಒಂದು ಮೂಲೆಗೆ 1.6 ಕೆಜಿ ಇಳಿಯಿತು.

ನಲವತ್ತು ಮೈಲಿ ಹೋಗಿ ಬಂದೆ, ಟಾಪ್ ಇಳಿಸಿಕೊಂಡು, ಸ್ವೆಟರ್ ಹಾಕಿಕೊಂಡು. 65ರಲ್ಲಿ ಸ್ಟೀರಿಂಗ್ ಸುಮ್ಮನಿತ್ತು. ನನ್ನನ್ನು ಕೆಡವಿದ ಆ ಗುಂಡಿಗೆ ಈಗ ಜಲ್ಲಿ ತುಂಬಿದ್ದಾರೆ, ಅದರ ಮೇಲೇ ನಿಧಾನಕ್ಕೆ ಹೋದೆ. ಮೊದಲು ಬೆನ್ನಿಗೆ ಹೊಡೆಯುತ್ತಿದ್ದದ್ದು ಈಗ ದಬ್ ಅಂತ ಕೆಳಗೇ ಮುಗಿಯಿತು. ರಾಘು, ನೀವು ಹೇಳಿದ ಆ ಕಲ್ಲುಗಳು ಬೆರಳಿಗೆ ಗೊತ್ತಾಗುತ್ತಿವೆ.


ಮೈಸೂರು_ಟೈರ್_ಬಸಣ್ಣ

ಒಳ್ಳೆಯದಾಯಿತು ಮಂಜು. 50 ಮೈಲಿ ದಾಟಿದ ಮೇಲೆ ನಟ್‌ಗಳನ್ನು ಮತ್ತೆ ಒಂದು ಸಲ ರೆಂಚಿನಲ್ಲಿ ನೋಡಿ, ವೀಲು ತಣ್ಣಗಿರುವಾಗ. ಹೊಸದಾಗಿ ಉಜ್ಜಿದ ಮುಖ ಸ್ವಲ್ಪ ಒಳಗೆ ಕೂರುತ್ತದೆ. ಇದನ್ನು ಮರೆಯಬೇಡಿ.


ಮಂಜು_ಕಡೂರು

ನೋಡಿದೆ ಬಸಣ್ಣ. ಹದಿನಾರರಲ್ಲಿ ಹದಿನೈದು ಅಲುಗಲಿಲ್ಲ. ಹಿಂದಿನ ಎಡಗಡೆಯ ಒಂದು ನಟ್ ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿ ಆಮೇಲೆ ಕ್ಲಿಕ್ ಅಂತು. ಕಚ್ಚಿಕೊಂಡಿದ್ದ ಅದೇ ಹಬ್. ಇನ್ನೊಂದು 50 ಮೈಲಿಗೆ ಮತ್ತೆ ನೋಡುತ್ತೇನೆ.

ನನ್ನ ಹಳೇ 16 ಇಂಚಿನಲ್ಲಿ ಮೂರು ಚೆನ್ನಾಗಿವೆ. ಅಂಚಿನ ಸುತ್ತ ಬೆರಳು ಓಡಿಸಿ ನೋಡಿದ್ದೇನೆ, ಏರಿಳಿತ ಇಲ್ಲ, ನಟ್ ಗುಳಿಗಳೂ ಮೊಟ್ಟೆಯ ಹಾಗೆ ಉದ್ದವಾಗಿಲ್ಲ. ಬಿರುಕು ಬಿಟ್ಟದ್ದನ್ನು ಗುಜರಿಗೆ ಹಾಕಿದೆ, ಯಾರೂ ಎತ್ತಿಕೊಂಡು ಹೋಗಿ ಬಳಸದ ಹಾಗೆ ಅಂಚನ್ನು ಕೊಯ್ದೇ ಹಾಕಿದೆ. ಎನ್‌ಬಿ ಇಟ್ಟುಕೊಂಡವರು ಯಾರಿಗಾದರೂ ಗುಂಡಿಯಲ್ಲಿ ಒಂದೇ ಒಂದು ವೀಲು ಹೋಗಿದ್ದರೆ ಇಲ್ಲೇ ಬರೆಯಿರಿ. ಒಂದಕ್ಕೆ 40 ಡಾಲರ್, ಒಳಗಡೆಯ ಫೋಟೋ ಮೊದಲೇ ಕಳಿಸುತ್ತೇನೆ.